ಹಾಸ್ಯನಟನ ದನಿಯಲ್ಲಿ ಒಂದು ಶ್ರದ್ಧಾಂಜಲಿ

ಹದಿನೆಂಟು ವರ್ಷ ನಾನು ಒಬ್ಬ ಹಾಸ್ಯನಟನ ದನಿಯನ್ನು ಅನುಕರಿಸುತ್ತ ಬದುಕಿದೆ. ಹಗಲು ವಿಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಗಣೇಶನ ಹಬ್ಬ, ರಾಜ್ಯೋತ್ಸವ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ. ಗಾಯಕರು ಗಂಟಲು ಸುಧಾರಿಸಿಕೊಳ್ಳುವ ಹತ್ತು ನಿಮಿಷ ನನ್ನ ಪಾಲಿಗೆ. ಮೂಗಿನಿಂದ ಎಳೆದು, ಕೊನೆಯಲ್ಲಿ ಕೀರಲಾಗಿ ಒಡೆಯುವ ಆ ದನಿಯಲ್ಲಿ ನಮಸ್ಕಾರ ಎಂದರೆ ಸಾಕು, ಕುರ್ಚಿಗಳು ಅಲುಗಾಡುತ್ತಿದ್ದವು. ನಂದಿನಿ ಲೇಔಟಿನಿಂದ ಕೆಂಗೇರಿಯವರೆಗೆ ನಾನು ನಗಿಸದ ಮೈದಾನವಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನಿಜ ಹೇಳಬೇಕೆಂದರೆ, ಮೊದಮೊದಲು ಆ ನಟರ ಮೇಲೆ ನನಗೆ ಅಂಥ ಗೌರವವೇನೂ ಇರಲಿಲ್ಲ. ಸುಲಭಕ್ಕೆ ಸಿಗುವ ದನಿ, ಅಷ್ಟೇ. ಕಲಿಯಲೆಂದು ಅವರ ದೃಶ್ಯಗಳನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುವಾಗ ಕಣ್ಣು ಬೇರೆ ಕಡೆ ಹೋಗತೊಡಗಿತು. ಪೇದೆಯಾದಾಗ ಬೆಲ್ಟು ಏರಿಸಿಕೊಳ್ಳುತ್ತಿದ್ದ ಕೈ, ಅಡುಗೆಭಟ್ಟನಾದಾಗ ಪಂಚೆಗೆ ಒರೆಸಿಕೊಳ್ಳುತ್ತಿತ್ತು. ಜಿಪುಣ ಮನೆ ಮಾಲೀಕನಾದಾಗ ಮಾತಾಡುತ್ತಲೇ ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ದನಿ ಒಂದೇ, ಅದರೊಳಗೆ ನಿಂತ ಮನುಷ್ಯ ಮಾತ್ರ ಪ್ರತಿಸಲ ಬೇರೆ. ನಾನು ಹಿಡಿದದ್ದು ಬರೀ ಸಿಪ್ಪೆ ಎಂದು ಆಗ ಗೊತ್ತಾಯಿತು.

ಆಮೇಲೆ ಬಂದದ್ದು ಅವರ ಗಂಭೀರ ಚಿತ್ರ. ರಾಜಾಜಿನಗರದ ಚಿತ್ರಮಂದಿರದಲ್ಲಿ ಹೆಂಡತಿಯ ಜೊತೆ ನೋಡಿದೆ. ಇಪ್ಪತ್ತು ಜನ ಇದ್ದರೆ ಹೆಚ್ಚು. ಬಸ್ಸಿನಡಿ ಸಿಕ್ಕಿ ತೀರಿಕೊಂಡ ಮಗಳ ಚಪ್ಪಲಿ ಕೇಳಲು ಅಪ್ಪನೊಬ್ಬ ಪೊಲೀಸ್ ಠಾಣೆಗೆ ಬರುತ್ತಾನೆ. "ತಿಂಡಿ ತಿನ್ನದೇ ಹೋದ್ಲು ಸಾರ್" ಎನ್ನುತ್ತಾನೆ. ಅದೇ ಮೂಗಿನ ದನಿ, ಕೊನೆಯಲ್ಲಿ ಅದೇ ಕೀರಲು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನಕ್ಕೆ. ಬಾಯಿಂದ ತಾನೇ ಬಂದುಬಿಟ್ಟಿತು. ಹೆಂಡತಿ ತಿರುಗಿ ನೋಡಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಚಿತ್ರವನ್ನು ಒಂದೇ ವಾರಕ್ಕೆ ಎತ್ತಿಬಿಟ್ಟರು.

ಕಳೆದ ವರ್ಷ ಅವರು ತೀರಿಕೊಂಡರು. ಕುರುಬರಹಳ್ಳಿಯ ಯುವಕರ ಸಂಘವೊಂದು ಭಾನುವಾರ ಸಂಜೆ ಶ್ರದ್ಧಾಂಜಲಿ ಇಟ್ಟುಕೊಂಡು ನನ್ನನ್ನು ಕರೆಯಿತು. ಆ ಠಾಣೆಯ ದೃಶ್ಯವನ್ನೇ ಮಾಡುತ್ತೇನೆಂದು ಹಟ ಹಿಡಿದೆ. ಒಂದು ಸಲವಾದರೂ ಜನ ಆ ಮನುಷ್ಯನನ್ನು ನಗದೆ ಕೇಳಲಿ. ನನಗೆ ಬೇರೇನೂ ಬೇಡವಾಗಿತ್ತು.

"ಬೇಡ ರೀ," ಎಂದಳು ಹೆಂಡತಿ. "ನೀವೇ ನಕ್ಕಿದ್ರಲ್ಲ. ಜನ ನಗದೆ ಇರ್ತಾರಾ?"

ಅವಳ ಮೇಲೆ ರೇಗಿದೆ. ಅವಳು ಹೇಳಿದ್ದು ಸರಿ ಎಂಬ ಕಾರಣಕ್ಕೇ ರೇಗಿದೆ.

ಹಾರ ಹಾಕಿದ ಫೋಟೋ ಮುಂದೆ ಒಂದು ನಿಮಿಷ ಮೌನ ಆಚರಿಸಿ ಜನ ಆಗಷ್ಟೇ ಕೂತಿದ್ದರು. ಮೈಕು ಹಿಡಿದು, ಇದು ನಗುವ ದೃಶ್ಯವಲ್ಲ ಎಂದು ಮೊದಲೇ ಹೇಳಿದೆ. ಹೇಳಿದ್ದು ನನ್ನ ಸ್ವಂತ ದನಿಯಲ್ಲಿ. ಅದರ ಪರಿಚಯ ಅಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ತಲೆ ತಗ್ಗಿಸಿ, "ತಿಂಡಿ ತಿನ್ನದೇ ಹೋದ್ಲು ಸಾರ್" ಎಂದೆ.

ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನನಗೆ ಅಳು ಬಂತು, ನಿಜವಾದ ಅಳು, ದನಿ ಒಡೆಯಿತು. ಒಡೆದಾಗ ಇನ್ನಷ್ಟು ಅವರ ದನಿಯಂತೆಯೇ ಕೇಳಿಸಿರಬೇಕು, ಶಿಳ್ಳೆಗಳು ಬಿದ್ದವು. ಆ ದನಿ ಕೇಳಿದರೆ ನಗಬೇಕೆಂದು ಈ ಜನಕ್ಕೆ ಕಲಿಸಿದವನು ನಾನೇ. ಇನ್ನು ಯಾರನ್ನು ಬೈಯಲಿ?

ಸಂಘದ ಅಧ್ಯಕ್ಷರು ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತ ವೇದಿಕೆಯ ಹತ್ತಿರ ಬಂದರು.

"ಸಾರ್, ಸೇಮ್ ಟು ಸೇಮ್! ಇನ್ನೊಂದ್ಸಲ ಅಳಿ ಸಾರ್."

ಫೋಟೋ ಕಡೆ ನೋಡಲಿಲ್ಲ. ಇನ್ನೊಂದು ಸಲ ಅತ್ತು ತೋರಿಸಿದೆ.