ಎಡಕ್ಕೆ ತಿರುಗಿದ ಪ್ರೊಟೀನು

ಕಳೆದ ಮಂಗಳವಾರ ತುಂಬಿದ ಕ್ಲಾಸಿನಲ್ಲಿ, ನಮ್ಮ ವಿಭಾಗದ ಮುಖ್ಯಸ್ಥರ ಕಣ್ಣೆದುರೇ, ನಾನು ತಪ್ಪು ಪ್ರೊಟೀನು ಕಲಿಸಿದೆ.

ಮೆಡಿಕಲ್ ಕಾಲೇಜಿನಲ್ಲಿ ನಾನು ಬಯೋಕೆಮಿಸ್ಟ್ರಿ ಹೇಳಿಕೊಡುವುದು ನಿಮಗೆ ಗೊತ್ತಲ್ಲ? ಪ್ರೊಟೀನು ಒಂದು ಉದ್ದ ಸರಪಳಿ. ಎಷ್ಟೋ ಕಡೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಬೋರ್ಡಿನ ಮೇಲೆ ಬರೆದರೆ ಮಾತ್ರ ಬರೀ ಅಂಕುಡೊಂಕು ಗೆರೆ. ಎಲ್ಲರೂ ತೆಪ್ಪಗೆ ನಕಲು ಮಾಡಿಕೊಳ್ಳುತ್ತಾರೆ. ಕಳೆದ ತಿಂಗಳು ಜುಬೇದಾ ಮಾತ್ರ ಎದ್ದು ನಿಂತಳು. (ಬಂದರಿನ ಕೊಡೆ ಅಂಗಡಿಯವರ ಮಗಳು. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ.)

"ಮೇಡಂ, ಇದರ ಹಿಂದಿನ ಬದಿ ಎಲ್ಲಿ ಉಂಟು? ನನಗೆ ಕಾಣುದಿಲ್ಲ."

ಕ್ಲಾಸು ನಕ್ಕಿತು. ಟೆಸ್ಟಿನಲ್ಲಿ ಆ ಚಿತ್ರದ ಜಾಗವನ್ನು ಅವಳು ಖಾಲಿ ಬಿಟ್ಟಳು. ಕೇಳಿದರೆ, "ಕಾಣದ್ದನ್ನು ಹೇಗೆ ಬರೆಯುದು ಮೇಡಂ?"

"ಇದು ಅವಳಿಂದ ಆಗುವ ಕೆಲಸ ಅಲ್ಲ. ಮನೆಗೆ ಕಾಗದ ಬರೆಯಿರಿ" ಎಂದರು ಮುಖ್ಯಸ್ಥರು.

ಆ ಕಾಗದ ಹೋದರೆ ಮನೆಯವರು ಕಾಲೇಜು ಬಿಡಿಸುತ್ತಾರೆ, ಅವಳ ಓದು ಅಲ್ಲಿಗೇ ಮುಗಿದಂತೆ. ನಾನು ಬರೆಯಲಿಲ್ಲ. "ಒಂದು ಕ್ಲಾಸು ಕೊಡಿ ಸರ್" ಎಂದೆ.

ಭಾನುವಾರವಿಡೀ ಮಣ್ಣಗುಡ್ಡದ ಮನೆಯಲ್ಲಿ ಕುಳಿತು ಸರಪಳಿಯ ಒಂದೊಂದು ಕೊಂಡಿಗೆ ಒಂದೊಂದು ಮಣಿಯಂತೆ ತಂತಿಗೆ ಪೋಣಿಸಿ, ಬಾಟಲಿಗೆ ಸುತ್ತಿ ಸುರುಳಿ ಮಾಡಿದೆ. ಒಂದು ಸುತ್ತನ್ನು ಮೇಲಿನ ಸುತ್ತಿಗೆ ಹಿಡಿದಿಡುವ ಬಾಂಡುಗಳಿಗೆ ಕೆಂಪು ನೂಲು. (ಎರಡು ಬೆರಳಿಗೆ ಬ್ಯಾಂಡೇಜು!)

ಮಂಗಳವಾರ ಅದನ್ನು ಜುಬೇದಾಳ ಕೈಗೆ ಕೊಟ್ಟೆ. ತಿರುಗಿಸಿದಳು. ತುದಿಯಿಂದ ಇಣುಕಿದಳು. ಆಮೇಲೆ ಬಲಗೈ ಹೆಬ್ಬೆರಳು ಎತ್ತಿ, ಉಳಿದ ಬೆರಳು ಮಡಚಿ, ಅದರ ಪಕ್ಕ ಹಿಡಿದಳು.

"ಮೇಡಂ, ಈ ಬೆರಳು ಮಡಚಿದ ಹಾಗೆ ಬಲಕ್ಕೆ ಸುತ್ತುತ್ತದೆ ಅಂತ ಪುಸ್ತಕದಲ್ಲಿ ಉಂಟು. ಇದು ಎಡಕ್ಕೆ ಹೋಗ್ತದಲ್ಲ?"

ತಲೆಕೆಳಗು ಮಾಡಿ ನೋಡಿದೆ. ಆಗಲೂ ಎಡಕ್ಕೇ! ಏನಾದರೂ ಹೇಳಿ ಮುಚ್ಚಿಹಾಕಬಹುದಿತ್ತು. ಹಿಂದಿನ ಬೆಂಚಿನಲ್ಲಿ, ನಾನು ಕೇಳಿದ ಆ ಒಂದು ಕ್ಲಾಸು ನೋಡಲೆಂದು ಬಂದ ಮುಖ್ಯಸ್ಥರು ಬೇರೆ.

"ಅವಳು ಹೇಳಿದ್ದೇ ಸರಿ. ಬಿಚ್ಚುವ" ಎಂದೆ.

"ಎಂತ ಮಾರಾಯ್ರೆ, ಈಗಲೇ?" ಮುಖ್ಯಸ್ಥರು ಗಡಿಯಾರ ನೋಡಿದರು.

"ಈಗಲೇ ಸರ್."

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ. ನೂಲು ಬಿಚ್ಚಿ, ತಂತಿ ನೇರ ಮಾಡಿ, ಈ ಸಲ ಜುಬೇದಾಳೇ ಸುತ್ತಿದಳು. ಮುಖ್ಯಸ್ಥರು ಹತ್ತಿರ ಬಂದು ಕೇಳಿದರು: "ಈ ಮಣಿಯ ಬಾಂಡ್ ಯಾವುದಕ್ಕೆ?"

"ಮುಂದಿನ ನಾಲ್ಕನೆಯದಕ್ಕೆ ಸರ್. ನೋಡಿ, ನೇರ ಮೇಲೆಯೇ ಉಂಟು."

ಅವರು ತಲೆಯಾಡಿಸಿ ಹೊರಟರು. ಕಾಗದದ ಸುದ್ದಿ ಮತ್ತೆ ಬಂದಿಲ್ಲ.

ಈಗ ನನ್ನ ಚಿಂತೆ ಜುಬೇದಾಳದ್ದಲ್ಲ. ಟೆಸ್ಟಿನಲ್ಲಿ ಉಳಿದವರೆಲ್ಲ ಬೋರ್ಡಿನ ಗೆರೆಯನ್ನು ಹಾಗೇ ಬರೆದು ಪೂರ್ತಿ ಮಾರ್ಕು ತೆಗೆದುಕೊಂಡರಲ್ಲ, ಅವರಿಗೆ ಕಂಡದ್ದಾದರೂ ಏನು?