ಗಂಡನ ಹೆಸರಿನ ಪ್ರಶ್ನೆ

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಪಾಪ, ಹಾವು ಬೇಗ ಮರೆಯುತ್ತದೆ. ನನ್ನ ಪಿಎಚ್.ಡಿ ಗೈಡ್ ಮೇಲೆ ನಾನು ಇಟ್ಟುಕೊಂಡ ಸಿಟ್ಟು ಅದಕ್ಕಿಂತ ಹೆಚ್ಚು ಬಾಳಿತು. ಅದು ಆರದಂತೆ ನಾನೂ ನೋಡಿಕೊಂಡೆ ಅನ್ನಿ.

ಆಗ ನಾನು ಧಾರವಾಡದಲ್ಲಿ ಓದುತ್ತಿದ್ದೆ. ಹಳ್ಳಿಯ ಮನೆಗಳಲ್ಲಿ ಹೆಂಗಸರ ಮಾತು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದು ಸಂಶೋಧನೆಯ ವಿಷಯ. ಪ್ರಶ್ನಾವಳಿ ಗೈಡ್ ಬರೆದದ್ದು, ಅದನ್ನು ಹೊತ್ತುಕೊಂಡು ಊರೂರು ಅಲೆಯುವ ಕಾಲುಗಳು ಮಾತ್ರ ನನ್ನವು. ಪ್ರಶ್ನೆಗಳು ಸರಿಯಾಗಿವೆಯೋ ಇಲ್ಲವೋ ನೋಡಲು ಮೊದಲು ಶಿರಗುಪ್ಪಿಗೆ ಹೋದೆ. ಅದರ ಮೊದಲ ಪ್ರಶ್ನೆಯೇ 'ಕುಟುಂಬದ ಯಜಮಾನರ ಹೆಸರೇನು?' ಎಂದಿತ್ತು.

ಇದರಲ್ಲೇನು ತಪ್ಪು ಎಂದು ಕುರ್ಚಿಯಲ್ಲಿ ಕೂತವರು ಕೇಳಬಹುದು. ಅಲ್ಲಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದೇ ತಪ್ಪು. ಹೇಳಲೇಬೇಕಾದಾಗ, ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದ ದಿನವೋ, ಒಡಪು ಕಟ್ಟಿ ಪ್ರಾಸದೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ನಾನು ಕೇಳಿದ ಕೂಡಲೇ ಮೊದಲ ಮನೆಯಾಕೆ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು.

"ಅಯ್ಯ, ಅದನ್ನ ನಾ ಹೆಂಗ ಹೇಳ್ಲಿರಿ. ತಡೀರಿ, ಅವರನ್ನ ಕರೀತೇನಿ."

ಗಂಡ ಬಂದ. ಹೆಸರು ಹೇಳಿದ. ಹೇಳಿದ ಮೇಲೆ ಎದ್ದು ಹೋಗಬೇಕಲ್ಲ, ಹೋಗಲಿಲ್ಲ. ಹೊರಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಳಿದ ಪ್ರಶ್ನೆಗಳಿಗೂ ತಾನೇ ಉತ್ತರ ಕೊಟ್ಟ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಿದರೆ, "ಇಬ್ಬರದೂ ನಡೀತೈತಿ, ಬರ್ಕೋರಿ" ಎಂದ. ಹೆಂಡತಿ ಒಳಗೆ ಚಹಾ ಕಾಸುತ್ತಿದ್ದಳು. ಪಕ್ಕದ ಮನೆಯಲ್ಲೂ ಇದೇ ಆಯಿತು, ಅದರ ಪಕ್ಕದ ಮನೆಯಲ್ಲೂ. ಸಂಜೆಯ ಹೊತ್ತಿಗೆ ನನ್ನ ಚೀಲದಲ್ಲಿದ್ದದ್ದು ಶಿರಗುಪ್ಪಿಯ ಹೆಂಗಸರ ಬಗ್ಗೆ ಶಿರಗುಪ್ಪಿಯ ಗಂಡಸರ ಅಭಿಪ್ರಾಯ.

ಮರುದಿನ ಪ್ರಶ್ನೆಗಳ ಕ್ರಮ ಬದಲಿಸಿದೆ. ಯಜಮಾನನ ಹೆಸರು ಕೊನೆಗೆ ಹೋಯಿತು, ಅದೂ ರೇಷನ್ ಕಾರ್ಡ್ ನೋಡಿ ಬರೆದುಕೊಳ್ಳುವಂತೆ. ಮೊದಲಿಗೆ, ಇವತ್ತು ಮುಂಜಾನೆ ಎದ್ದು ಏನೇನು ಮಾಡಿದಿರಿ ಎಂದು ಇಟ್ಟೆ. ಅದೇ ಊರಿನ ಇನ್ನೊಂದು ಓಣಿಗೆ ಹೋದರೆ ಹೆಂಗಸರು ಕೂತರು, ಮಾತಾಡಿದರು. ಒಬ್ಬ ಗಂಡ ಬಾಗಿಲಲ್ಲಿ ಇಣುಕಿದಾಗ ಹೆಂಡತಿಯೇ, "ನೀವ್ ಹೋಗ್ರಿ, ಇಲ್ಲೆ ಅಡಗಿ ಸುದ್ದಿ ನಡದೈತಿ" ಎಂದು ಸಾಗಹಾಕಿದಳು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ.

ಗೈಡ್ ನನ್ನ ಹೊಸ ಪ್ರಶ್ನಾವಳಿ ಓದಿ, ಕೆಂಪು ಪೆನ್ನಿನಿಂದ ಮೇಲಿನಿಂದ ಕೆಳಗಿನ ತನಕ ಗೀಟು ಎಳೆದರು. ಕೋಣೆಯಲ್ಲಿ ಉಳಿದ ವಿದ್ಯಾರ್ಥಿಗಳೂ ಇದ್ದರು.

"ಪ್ರಶ್ನಾವಳಿ ಅಂದ್ರ ರಂಗೋಲಿ ಅಲ್ಲ ತಂಗಿ, ಮನಸಿಗೆ ಬಂದಲ್ಲೆ ಚುಕ್ಕಿ ಇಡಾಕ. ಹಳ್ಳಿ ಹೆಂಗಸ್ರು ನಾಚಿದ್ರಂತ ನಾವು ಶಾಸ್ತ್ರ ಬದಲ ಮಾಡೂದೇನು?"

ಎಲ್ಲರೂ ನಕ್ಕರು. ನಗದಿದ್ದರೆ ಅವರ ಪ್ರಬಂಧಕ್ಕೆ ಗೈಡ್ ಸಹಿ ಸಿಗುತ್ತಿರಲಿಲ್ಲ. ನನಗೂ ಸಹಿ ಬೇಕಿತ್ತು, ಆದ್ದರಿಂದ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮುಂದಿನ ವರ್ಷ ಒಂದು ವಿಚಾರ ಸಂಕಿರಣ. ನಾನು ಬಾಗಿಲಲ್ಲಿ ನಿಂತು ಬಂದವರಿಗೆ ಫೈಲು, ಪೆನ್ನು ಹಂಚುತ್ತಿದ್ದೆ. ಒಳಗಿನ ಮೈಕಿನಲ್ಲಿ ನಮ್ಮ ಗೈಡ್ ದನಿ ಕೇಳಿಸಿತು. ತಾವು ಶಿರಗುಪ್ಪಿಯ ಒಂದು ಮನೆಗೆ ಹೋದದ್ದು, ಹೆಸರು ಕೇಳಿದ್ದು, ಆಕೆ ಸೆರಗು ಬಾಯಿಗೆ ಹಿಡಿದದ್ದು, ಗಂಡ ಹೊರಸಿನ ಮೇಲೆ ಕೂತದ್ದು. ಒಳಗೆ ಕಾಸುತ್ತಿದ್ದ ಚಹಾವನ್ನೂ ಬಿಟ್ಟಿರಲಿಲ್ಲ. ಆ ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆಂಬುದೂ ಅವರಿಗೆ ಗೊತ್ತಿರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಸಭೆ ಚಪ್ಪಾಳೆ ತಟ್ಟಿತು.

ಊಟದ ಹೊತ್ತಿಗೆ ಹತ್ತಿರ ಹೋಗಿ, "ಸರ್, ಅದು ನಾ ನಿಮಗ ಹೇಳಿದ್ದ ಅಲ್ಲೇನ್ರಿ?" ಎಂದೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ನಿನ್ನ ಪಿಎಚ್.ಡಿ ಮುಗೀಬೇಕಲ್ಲ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಬಹುಶಃ ನಾನು ಕ್ಷಮಿಸುತ್ತಿದ್ದೆ.

ಪದವಿ ಬಂತು, ನೌಕರಿಯೂ ಸಿಕ್ಕಿತು. ಈಗ ಪ್ರಶ್ನಾವಳಿ ಮಾಡುವುದನ್ನು ನಾನೇ ಕಲಿಸುತ್ತೇನೆ. ಈಚೆಗೆ ಹುಬ್ಬಳ್ಳಿ-ಧಾರವಾಡದ ವಯಸ್ಸಾದ ಹೆಂಗಸರ ಬದುಕಿನ ಬಗ್ಗೆ ಒಂದು ಸಮೀಕ್ಷೆ ಕೈಗೆತ್ತಿಕೊಂಡೆವು. ಮನೆಗಳನ್ನು ಚೀಟಿ ಎತ್ತಿ ಆರಿಸಿದೆವು. ರಾಯಾಪುರದ ಕಡೆಯ ಚೀಟಿಗಳಲ್ಲಿ ನಮ್ಮ ಗೈಡ್ ಮನೆ ಬಂತು. ಚೀಟಿಯಲ್ಲಿ ನಾನು ಕೈಯಾಡಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಓಣಿಗೆ ಹೋಗಬೇಕಾಗಿದ್ದ ನಮ್ಮ ಹುಡುಗಿಯನ್ನು ಸತ್ತೂರಿಗೆ ಕಳಿಸಿ, ನಾನೇ ಹೋದೆ.

ನಿವೃತ್ತರಾಗಿದ್ದ ಸರ್ ನನ್ನನ್ನು ಕಂಡು ಹಿಗ್ಗಿದರು. ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದರು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಚಹಾ ತಂದಿಟ್ಟರು.

"ಬಾ ತಂಗಿ. ಕೇಳು, ಏನ್ ಕೇಳ್ತಿ?"

"ಇದು ನಿಮಗಲ್ಲರಿ ಸರ್, ಕಾಕೂಗ."

"ಅಕೀಗೇನ್ ತಿಳೀತೈತಿ? ನಾ ಹೇಳ್ತೇನಿ, ಬರ್ಕೋ."

"ಕಾಕು ಒಬ್ರ ಇರಬೇಕಾಗತೈತ್ರಿ. ನೀವು ಸ್ವಲ್ಪ ಹೊರಗ ಕೂಡ್ರಿ."

ಆ ಮಾತು ಬಾಯಲ್ಲಿ ಎಷ್ಟು ರುಚಿಯಾಗಿತ್ತು ಎಂದರೆ, ಇನ್ನೊಮ್ಮೆ ಹೇಳಬೇಕೆನಿಸಿತು. ಅವರು ತಮ್ಮ ಹೆಂಡತಿಯ ಮುಖ ನೋಡಿದರು. ಬೇಡ, ನೀವೂ ಇರಿ ಎನ್ನುತ್ತಾರೆ ಎಂದುಕೊಂಡಿದ್ದರೇನೋ. ಕಾಕು ನನ್ನ ಕಡೆ ತಿರುಗಿ ಕೂತರು. ಸರ್ ಎದ್ದು ಹೊರಗಿನ ಕಟ್ಟೆಯ ಮೇಲೆ ಕೂತರು.

ನಾನು ಶುರು ಮಾಡುವ ಮುನ್ನ ಓದಲೇಬೇಕಾದ ಸಾಲು ಓದಿದೆ. ನೀವು ಹೇಳಿದ್ದನ್ನು ಯಾರಿಗೂ, ಮನೆಯವರಿಗೂ ತಿಳಿಸುವುದಿಲ್ಲ.

"ಅವರಿಗೂ?" ಕಾಕು ಕೇಳಿದರು.

"ಅವರಿಗೂ ಹೇಳಂಗಿಲ್ಲರಿ."

"ಇನ್ನೊಮ್ಮೆ ಓದ್ರಿ."

ಓದಿದೆ. ಅವರು, "ಹಂಗಾದ್ರ ಆ ಬಾಗಲಾ ಮುಂದ ಮಾಡ್ರಿ" ಎಂದರು.

ಬಾಗಿಲು ಮುಚ್ಚಿ ಬಂದು ಕೂತೆ. ಕಾಕು ಮಾತಾಡಿದರು. ತಂದಿಟ್ಟ ಚಹಾ ಕೆನೆಗಟ್ಟಿತು. ನಡುವೆ ಒಂದು ಕಡೆ ಅವರಿಗೆ ನಗು ಬಂತು, ಜೋರಾಗಿಯೇ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಹೊರಗೆ ಯಾರೋ ಸುಮ್ಮಸುಮ್ಮನೆ ಕೆಮ್ಮಿದರು. ಕಾಕು ಏನು ಹೇಳಿದರೆಂದು ನಿಮಗೂ ಹೇಳಲಾರೆ. ಕೊಟ್ಟ ಮಾತು ಕೊಟ್ಟ ಮಾತೇ.

ಹೊರಟಾಗ ಸರ್ ಗೇಟಿನ ತನಕ ಬಂದರು. "ಏನ್ ಹೇಳಿದ್ಲು?" ಎಂದು ತಮಾಷೆಗೆಂಬಂತೆ ಕೇಳಿದರು. ಹೇಳುವಂತಿಲ್ಲ ಎಂದೆ. ವಾರದೊಳಗೆ ಫೋನ್ ಬಂತು, ಹಿಂದೆಯೇ ಮತ್ತೊಂದು. "ಎಲ್ಲಾ ಬ್ಯಾಡ. ಅಕಿ ಯಾಕ ನಕ್ಲು, ಅಷ್ಟರೇ ಹೇಳು" ಎಂದರು. ಹೆದರುವಂಥದ್ದೇನೂ ಇಲ್ಲ ಸರ್ ಎಂದಿದ್ದರೆ ಸಾಕಿತ್ತು, ಅವರಿಗೆ ನಿದ್ದೆ ಹತ್ತುತ್ತಿತ್ತು. ನಾನು ಅನ್ನಲಿಲ್ಲ. ಫೋನ್ ರಿಂಗಾದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಕೊನೆಯ ಸಲ ಕರೆ ಮಾಡಿದಾಗ ಅವರ ದನಿಯಲ್ಲಿ ಜೋರು ಇರಲಿಲ್ಲ.

"ಕಾಕು ನಿಮ್ಮ ಮನ್ಯಾಗ ಅದಾರಲ್ರಿ ಸರ್," ಎಂದೆ. "ಅವರನ್ನ ಕೇಳ್ರಿ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಕೇಳಿದರು.

"ಹೆಂಗ ಕೇಳಬೇಕು ತಂಗಿ?"

ಮೊದಲು ಯಾವ ಪ್ರಶ್ನೆ ಕೇಳಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ.