ಹೊಂಬಾಳಮ್ಮ ಮೆತ್ತಗೆ ಮಾತಾಡಿದ ದಿನ

ಹೊಂಬಾಳಮ್ಮನ ಗಂಟಲು ಬೆಸಗರಹಳ್ಳಿಯ ಆ ಬೀದಿಗೆಲ್ಲ ಗೊತ್ತು. ಬೆಳಿಗ್ಗೆ ಅವಳು ಹಿತ್ತಲಲ್ಲಿ ನಿಂತು ಮಗಳನ್ನು ಒಂದು ಸಲ ಕೂಗಿದರೆ ಪಕ್ಕದ ಮನೆ ಪಟ್ಟಲಮ್ಮನ ಕೋಳಿಗಳು ದಿಕ್ಕಾಪಾಲಾಗುತ್ತಿದ್ದವು. ಅದೇನೂ ಸಿಟ್ಟಿನ ಗಂಟಲಲ್ಲ. ಒಲೆಯ ಮೇಲೆ ಎಸರು, ಕೊಟ್ಟಿಗೆಯಲ್ಲಿ ಒದೆಯುವ ಹಸು, ಹುಳುಮನೆಯಲ್ಲಿ ಸೊಪ್ಪಿಗೆ ಕಾದ ರೇಷ್ಮೆಹುಳು, ಜಗಲಿಯಲ್ಲಿ ಕಾಫಿಗೆ ಕಾದ ಗಂಡ. ಇರುವುದು ಎರಡೇ ಕೈ. ಕೈ ಎಟುಕದ ಕಡೆಗೆಲ್ಲ ಅವಳು ಗಂಟಲನ್ನು ಕಳಿಸುತ್ತಿದ್ದಳು.

ದುದ್ದದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಬೆಟ್ಟಮ್ಮ, ಸೊಸೆಯ ಬಾಯಿ ಜೋರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಈಚೆಗೆ ಬೆಟ್ಟಮ್ಮನ ಕಿವಿ ಮಂದವಾಗಿ, ಮನೆಯಲ್ಲಿ ತನಗೆ ಅರ್ಥವಾಗುವ ಹಾಗೆ ಮಾತಾಡುವವಳು ಸೊಸೆ ಒಬ್ಬಳೇ ಎಂದು ಗೊತ್ತಾದ ಮೇಲೆ ಆ ದೂರು ನಿಂತುಹೋಗಿತ್ತು.

ಇಂಥ ಹೊಂಬಾಳಮ್ಮನ ಮನಸ್ಸಿನಲ್ಲಿ ಈಗ ಕೆಲವು ವಾರಗಳಿಂದ ಒಂದು ಕಳವಳ ಕೂತಿತ್ತು. ಎಂಟನೇ ಕ್ಲಾಸಿನ ಮಗಳು ದೀಪಿಕ ಮಾತು ಬಿಟ್ಟಿದ್ದಳು. ಮೊದಲೆಲ್ಲ ಸ್ಕೂಲಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಯಾವ ಮಿಸ್ಸು ಯಾವ ಸೀರೆ ಉಟ್ಟಿದ್ದರು, ಯಾರ ಟಿಫನ್ ಬಾಕ್ಸಲ್ಲಿ ಏನಿತ್ತು, ಗೆಳತಿ ಪ್ರಿಯಾಂಕ ಯಾವುದಕ್ಕೆ ನಕ್ಕಳು ಎಂದು ಒಂದೇ ಉಸಿರಿಗೆ ಒದರುತ್ತಿದ್ದಳು. ಈಗ ಏನು ಕೇಳಿದರೂ “ಏನಿಲ್ಲ”. ಊಟ ಬೇಕಾ ಅಂದರೂ ಅದೇ. ಕನ್ನಡಿ ಮುಂದೆ ನಿಂತರೆ ಕದಲುವುದಿಲ್ಲ. ತಲೆಗೆ ಹಾಕುವ ರಬ್ಬರ್ ಬ್ಯಾಂಡು ಕಿತ್ತುಹೋಯಿತೆಂದು ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಅತ್ತಳು. ಅದೆಲ್ಲಕ್ಕಿಂತ ಹೆಚ್ಚಾಗಿ ಪೌಡರು. ಡಬ್ಬ ಡಬ್ಬ ಮೈಗೆ ಸುರಿದುಕೊಳ್ಳುತ್ತಿದ್ದಳು. ಸಾಲದ್ದಕ್ಕೆ ಸೆಂಟು ಬೇರೆ.

ರೇಷ್ಮೆಹುಳಕ್ಕೆ ಸೆಂಟಿನ ಗಾಳಿ ಸೋಕಬಾರದು. ಮಗಳು ಸ್ಕೂಲಿಗೆ ಹೋಗುವ ಮುಂಚೆ ದಿನವೂ ಹುಳಕ್ಕೆ ಸೊಪ್ಪು ಹಾಕಿ ಹೋಗಬೇಕು. ಹಾಗಾಗಿ ಹುಳುಮನೆಯ ಬಾಗಿಲಲ್ಲಿ ದಿನವೂ ಜಗಳ. ಯಾರಿಗೆ ತೋರ್ಸಕ್ಕೆ ಈ ಘಮಘಮ ಎಂದು ಹೊಂಬಾಳಮ್ಮ ಕೇಳದ ದಿನವಿಲ್ಲ. ಯಾವನೋ ಹುಡುಗ ಇರಬೇಕು ಎಂದು ಅವಳ ಅನುಮಾನ. ಬಸ್‌ಸ್ಟಾಂಡಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರನ್ನೆಲ್ಲ ಅವಳು ಗುರಾಯಿಸಿ ನೋಡಿಟ್ಟುಕೊಂಡಿದ್ದಳು.

ಹೀಗಿರುವಾಗ ಮಹಿಳಾ ಸಂಘದವರು ಮದ್ದೂರಿನಲ್ಲಿ ಒಂದು ಸಭೆ ಇಟ್ಟರು. ಬೆಳೆಯುವ ಮಕ್ಕಳ ಮನಸ್ಸಿನ ಬಗ್ಗೆ ಮೈಸೂರಿನ ಮೇಡಮ್ಮು ಒಬ್ಬರು ತಾಯಂದಿರಿಗೆ ತಿಳಿಸಿಕೊಡುತ್ತಾರಂತೆ. ತಂದೆಯರಿಗೆ ಯಾರೂ ಹೇಳಿಕಳಿಸಿರಲಿಲ್ಲ. ಮಕ್ಕಳಿಗೆ ಅವರೂ ಇರುತ್ತಾರೆ ಎಂಬುದು ಸಂಘದವರಿಗೆ ಹೊಳೆದಿರಲಿಲ್ಲವೋ ಏನೋ. ಹೊಂಬಾಳಮ್ಮ ಗಂಡ ಪುಟ್ಟರಾಜುವಿಗೆ ಈ ವಿಷಯ ಎರಡು ಸಲ ಹೇಳಿದಳು. ಅವನು ಎರಡು ಸಲವೂ ಮೊಬೈಲಿಗೆ ತಲೆಯಾಡಿಸಿದ. ಶನಿವಾರ ಅವಳು ಒಳ್ಳೆ ಸೀರೆ ಉಟ್ಟು ಮದ್ದೂರಿನ ಬಸ್ಸು ಹತ್ತಿದಾಗ ಮನೆಯಲ್ಲಿ ಯಾರಿಗೂ ಅವಳು ಯಾಕೆ ಹೋದಳೆಂದು ಗೊತ್ತಿರಲಿಲ್ಲ.

ಮೇಡಮ್ಮು ಚೆನ್ನಾಗಿ ಮಾತಾಡಿದರು. ಈ ವಯಸ್ಸಿನಲ್ಲಿ ಮಕ್ಕಳಿಗೆ ಅಪ್ಪ ಅಮ್ಮನ ಮಾತಿಗಿಂತ ಗೆಳತಿಯ ಒಂದು ಮಾತು ದೊಡ್ಡದಾಗಿ ಕಾಣುತ್ತದೆ, ಬೈಯಬೇಡಿ, ಅಡ್ಡ ಮಾತಾಡಬೇಡಿ ಎಂದರು. ಸಾಯಂಕಾಲ ಕೆಲಸ ಎಲ್ಲ ಮುಗಿದ ಮೇಲೆ ಮಗುವಿನ ಎದುರು ಕೂತು, ಮೆಲ್ಲನೆಯ ದನಿಯಲ್ಲಿ, ‘ನಿನಗೆ ಬೇಜಾರಾಗಿದೆ ಅಂತ ನನಗೆ ಅನ್ನಿಸ್ತಾ ಇದೆ’ ಎಂದು ಶುರುಮಾಡಿ ಎಂದರು. ಕೆಲಸ ಎಲ್ಲ ಮುಗಿಯುವ ಸಾಯಂಕಾಲ ಯಾವುದು ಎಂದು ಹೊಂಬಾಳಮ್ಮ ಬಹಳ ಯೋಚಿಸಿದಳು. ಮದುವೆಯಾದಾಗಿನಿಂದ ಅಂಥದ್ದೊಂದು ನೆನಪಿಗೆ ಬರಲಿಲ್ಲ. ಆದರೂ ಮಗಳಿಗಾಗಿ ಒಂದು ಸಲ ನೋಡಿಯೇಬಿಡುವುದು ಎಂದು ನಿಶ್ಚಯಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಆ ವಾಕ್ಯವನ್ನು ಅಭ್ಯಾಸ ಮಾಡಿದಳು. ಸೀಟಿನಲ್ಲಿದ್ದ ಮುದುಕಪ್ಪ ತಲೆಯೆತ್ತಿ, ನಂಗ್ಯಾಕವ್ವ ಬೇಜಾರು, ಸೀಟು ಬೇಕಿದ್ರೆ ನೆಟ್ಟಗೆ ಕೇಳು ಎಂದು ಎದ್ದು ಜಾಗ ಬಿಟ್ಟುಕೊಟ್ಟ. ಮೆಲ್ಲನೆಯ ದನಿಗೆ ಶಕ್ತಿ ಇದೆ ಎಂದು ಅವಳಿಗೆ ಆಗಲೇ ಸ್ವಲ್ಪ ನಂಬಿಕೆ ಬಂತು.

ಮನೆಗೆ ಬಂದಾಗ ದೀಪಿಕ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಹೊಂಬಾಳಮ್ಮ ಸೀರೆಯನ್ನೂ ಬದಲಿಸದೆ ಎದುರಿಗೆ ಕೂತು, ಗಂಟಲನ್ನು ಎಷ್ಟು ಸಾಧ್ಯವೋ ಅಷ್ಟು ಅದುಮಿ ಹಿಡಿದು ಹೇಳಿದಳು.

“ದೀಪಿಕಾ, ಮಗಳೇ. ನಿನಗೆ ಬೇಜಾರಾಗಿದೆ ಅಂತ ನನಗೆ ಅನ್ನಿಸ್ತಾ ಇದೆ.”

ದೀಪಿಕ ಅವ್ವನ ಮುಖ ನೋಡಿದಳು. ಲೇ ಇಲ್ಲ, ಕಣೇ ಇಲ್ಲ, ಪೂರ್ತಿ ಹೆಸರು. ಅವಳ ಮುಖ ಬಿಳಿಚಿತು. ಎದ್ದವಳೇ ಹುಳುಮನೆಗೆ ಓಡಿ ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗಿದಳು.

“ಅಜ್ಜಿ, ಅವ್ವಂಗೆ ಏನೋ ಆಗದೆ. ಮದ್ದೂರಾಸ್ಪತ್ರೆಗೆ ಓಗ್ಬಂದವ್ಳೆ. ಮೆತ್ತಗೆ ಮಾತಾಡ್ತಾವ್ಳೆ.”

ಹಿಂದಿನ ವರ್ಷ ಮೇಲಿನ ಬೀದಿಯ ಹೆಂಗಸೊಬ್ಬಳು ಆಸ್ಪತ್ರೆಯಿಂದ ಕೆಟ್ಟ ಸುದ್ದಿ ತಂದ ದಿನದಿಂದ ಎಲ್ಲರ ಹತ್ತಿರವೂ ಹೀಗೇ ಸಿಹಿಯಾಗಿ ಮಾತಾಡಿ, ಆಮೇಲೆ ಹೋಗಿಬಿಟ್ಟಿದ್ದಳು. ಅದು ಊರಿಗೆಲ್ಲ ನೆನಪಿತ್ತು. ಬೆಟ್ಟಮ್ಮ ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಬಂದು ಸೊಸೆಯನ್ನು ಏನಾಯಿತೆಂದು ಕೇಳಿದಳು. ಏನೂ ಇಲ್ಲ ಅತ್ತೆ ಎಂದು ಹೊಂಬಾಳಮ್ಮ ಅದೇ ದನಿಯಲ್ಲಿ ಹೇಳಿದಳು. ಮುದುಕಿಗೆ ಸೊಸೆಯ ತುಟಿ ಅಲ್ಲಾಡಿದ್ದು ಕಂಡಿತು, ಸದ್ದು ಬರಲಿಲ್ಲ. ಸ್ವರವೇ ನಿಂತೋಯ್ತಲ್ಲಪ್ಪ ಎಂದು ಎದೆ ಮೇಲೆ ಕೈಯಿಟ್ಟುಕೊಂಡಳು.

ಆಮೇಲೆ ನಡೆದದ್ದು ಹೊಂಬಾಳಮ್ಮನಿಗೆ ಕನಸಿನ ಹಾಗಿತ್ತು. ಅತ್ತೆ ಚಾಪೆ ಹಾಸಿ, ತಲೆಗೆ ದಿಂಬು ಕೊಟ್ಟು ಮಲಗಿಸಿದಳು. ಕಾಫಿ ತಾನಾಗಿಯೇ ಬಂತು. ಪುಟ್ಟರಾಜು ಮಗಳ ಫೋನಿಗೆ ಹೆದರಿ ಟೀ ಅಂಗಡಿಯಿಂದ ಓಡಿಬಂದು, ಯಾರೂ ಹೇಳದೆ ಹುಳಕ್ಕೆ ಸೊಪ್ಪು ಹಾಕಿದ. ಪಟ್ಟಲಮ್ಮ ಎಳನೀರು ಹಿಡಿದುಕೊಂಡು ಬಂದು, ಮಧ್ಯಾಹ್ನದಿಂದ ನಿನ್ ಗಂಟ್ಲೇ ಕೇಳ್ನಿಲ್ವಲ್ಲವ್ವ ಎಂದು ಮೂಗು ಒರೆಸಿಕೊಂಡಳು. ಎಲಾ ಮೇಡಮ್ಮೆ, ಒಂದು ವಾಕ್ಯಕ್ಕೆ ಇಡೀ ಮನೆಯೇ ಬದಲಾಯಿತಲ್ಲ ಎಂದು ಹೊಂಬಾಳಮ್ಮ ಬೆರಗಾದಳು. ಎಲ್ಲರಿಗೂ ಇನ್ನಷ್ಟು ಮೆತ್ತಗೆ ಉತ್ತರ ಕೊಟ್ಟಳು. ಅವಳು ಮೆತ್ತಗಾದಷ್ಟೂ ಅವರ ಕಣ್ಣು ಒದ್ದೆಯಾಯಿತು.

ಮುದ್ದೆ ಮಾಡಲು ಪುಟ್ಟರಾಜುವೇ ಹೊರಟ. ಹಿಟ್ಟು ಎಲ್ಲಿದೆ ಎಂದು ಬಂದು ಕೇಳಿದ. ಹೇಳಿದಳು. ಉಪ್ಪು ಎಲ್ಲಿ, ಹಿಟ್ಟಿನ ಕೋಲು ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ ಎಂದು ಮತ್ತೆ ಮತ್ತೆ ಬಂದ. ಆ ಮನೆಯಲ್ಲೇ ಹುಟ್ಟಿ ಬೆಳೆದವನು ಅಡುಗೆಮನೆಗೆ ಮಾತ್ರ ನೆಂಟನ ಹಾಗಿದ್ದ. ನೀರು ಕುದಿಯುವ ಮೊದಲೇ ಅವನು ಹಿಟ್ಟು ಸುರಿದ ಸದ್ದು ಕೇಳಿದಾಗ ಹೊಂಬಾಳಮ್ಮನ ಗಂಟಲವರೆಗೂ ಒಂದು ಕೂಗು ಬಂತು. ಮಗಳ ಮುಖ ನೋಡಿ ನುಂಗಿಕೊಂಡಳು. ದೀಪಿಕ ಅವಳ ಕಾಲ ಬಳಿ ಕೂತು ಸೀರೆಯ ಅಂಚು ಹಿಡಿದುಕೊಂಡಿದ್ದಳು. ಈಗ ಮಾತಾಡುತ್ತಾಳೆ, ಈಗ ಮಾತಾಡುತ್ತಾಳೆ ಎಂದು ಹೊಂಬಾಳಮ್ಮ ಕಾದಳು.

ದೀಪಿಕ ಬಾಯಿ ಬಿಟ್ಟಳು. “ಅವ್ವ, ನೀನು ಸತ್ತೋಯ್ತೀಯಾ?”

ಅಡುಗೆಮನೆಯಿಂದ ಸೀದ ವಾಸನೆ ಬಂದದ್ದೂ ಆಗಲೇ. ಹೊಂಬಾಳಮ್ಮ ಎದ್ದು ಕೂತಳು.

“ಯಾವಳೇ ಅಂದೋಳು ಅಂಗೆ? ಸಾಯಕ್ಕೆ ಈ ಮನೇಲಿ ನಂಗೆ ಪುರ್ಸೊತ್ತು ಎಲ್ಲದೆ ಕಣೇ? ಓಯ್ ದೀಪಿ ಅಪ್ಪ, ತಳ ಇಡೀತಾ ಅದೆ, ಇಳ್ಸಿ ಅದ್ನ.”

ಪಟ್ಟಲಮ್ಮನ ಕೋಳಿಗಳು ಬೀದಿಯ ಆಚೆಗೆ ಹಾರಿದವು. ಬೆಟ್ಟಮ್ಮನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಸದ್ಯ ಎಂದು ಅವಳು ಕಾಫಿ ಲೋಟ ವಾಪಸು ತೆಗೆದುಕೊಂಡಳು. ದೀಪಿಕ ಅವ್ವನ ಮಡಿಲಿಗೆ ಬಿದ್ದು ಅಳಲು ಶುರುಮಾಡಿದಳು. ನಡುವೆ ನಗು ಬಂತು, ಮತ್ತೆ ಅಳು ಬಂತು. ಆ ಅಳುವಿನ ಜೊತೆಯಲ್ಲೇ ಇಷ್ಟು ವಾರ ಕಟ್ಟಿಟ್ಟಿದ್ದು ಹೊರಬಂತು. ಪ್ರಿಯಾಂಕ ಬೆಂಚು ಬದಲಿಸಿದ್ದಾಳೆ. ಹೊಸದಾಗಿ ಸೇರಿದ ಹುಡುಗಿಯ ಪಕ್ಕ ಕೂರುತ್ತಾಳೆ. ದೀಪಿಕಳ ಬಟ್ಟೆ ಹುಳದ ವಾಸನೆ ಹೊಡೆಯುತ್ತೆ ಎಂದು ಆ ಹುಡುಗಿ ಅಂದಾಗ ಪ್ರಿಯಾಂಕಳೂ ಮೂಗು ಮುಚ್ಚಿಕೊಂಡಳು.

ಪೌಡರು, ಸೆಂಟು ಎಲ್ಲ ಅದಕ್ಕೆ.

ಆ ವಾಸನೆಯಿಂದಲೇ ಕಣೇ ನಿನ್ ಬ್ಯಾಗು, ನಿನ್ ಬಸ್ ಪಾಸು ಎಂದು ಹೇಳಲು ಹೊಂಬಾಳಮ್ಮನ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ತವರು ದುದ್ದದ ಸ್ಕೂಲಿನಲ್ಲಿ, ಇದೇ ವಯಸ್ಸಿನಲ್ಲಿ, ಬೆಳಿಗ್ಗೆ ಸಗಣಿ ಬಾಚಿದ ಕೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡು ಕೂರುತ್ತಿದ್ದ ಒಬ್ಬ ಹುಡುಗಿ ಅವಳಿಗೆ ನೆನಪಾದಳು. ಗೆಳತಿಯ ಮಾತು ದೊಡ್ಡದು ಎಂದು ಮೇಡಮ್ಮು ಹೇಳಿದ್ದು ಸುಳ್ಳಲ್ಲ. ಸೋಮವಾರ ಸ್ಕೂಲಿಗೇ ಬಂದು ಆ ಪ್ರಿಯಾಂಕಳ ಜಡೆ ಹಿಡಿದು ವಿಚಾರಿಸುತ್ತೇನೆ ಎಂದಳು ಅಷ್ಟೆ. ಹಾಗೇನಾದರೂ ಮಾಡಿದರೆ ತಾನು ಸ್ಕೂಲನ್ನೇ ಬಿಡುತ್ತೇನೆ ಎಂದು ದೀಪಿಕ ಆಣೆ ಹಾಕಿಸಿಕೊಂಡಳು.

ರಾತ್ರಿ ಎಲ್ಲರೂ ಗಂಟುಗಂಟಾದ ಸೀದ ಮುದ್ದೆಯನ್ನೇ ಉಂಡರು. ಅವಳು ಮದ್ದೂರಿಗೆ ಹೋದದ್ದು ಆಸ್ಪತ್ರೆಗಲ್ಲ, ಮೇಡಮ್ಮಿನ ಮಾತು ಕೇಳಲು ಎಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಉಣ್ಣುತ್ತಾ ಹೊಂಬಾಳಮ್ಮ ಗಂಡನ ಕಡೆ ಬಹಳ ಹೊತ್ತು ನೋಡಿದಳು. ಹುಳಕ್ಕೆ ಸೊಪ್ಪನ್ನು ತೆಳ್ಳಗೆ, ಒಂದೇ ಸಮ ಹಾಕಿದ್ದನ್ನು ಅವಳು ಆಗಲೇ ಹೋಗಿ ನೋಡಿ ಬಂದಿದ್ದಳು. ಇಷ್ಟು ಚೆನ್ನಾಗಿ ಬರುವ ಕೆಲಸವನ್ನು ಇಷ್ಟು ವರ್ಷ ಬರುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದನಲ್ಲ.

ಮಾರನೆಯ ದಿನದಿಂದ ಬೀದಿಗೆ ಅದೇ ಗಂಟಲು, ಅದೇ ಹೊತ್ತು. ಕೂಗುವ ಹೆಸರು ಮಾತ್ರ ಬೇರೆ. ದೀಪಿ ಅಪ್ಪ, ಸೊಪ್ಪು, ಎಂದು ಕೇಳಿದಾಗ ಪುಟ್ಟರಾಜು ಕಂಬಳಿಯೊಳಗೇ ಸೊಂಟನೋವಿನ ಸುದ್ದಿ ಎತ್ತಿದ. ಮದ್ದೂರಿಗೆ ಹೋಗಿ ತೋರಿಸಿಕೊಂಡು ಬರೋಣ ನಡೀರಿ ಎಂದು ಅವಳು ಮೆತ್ತಗೆ ಹೇಳಿದಳು. ಅವನು ಎದ್ದ. ದೀಪಿಕಳ ಯೂನಿಫಾರ್ಮು ಈಗ ಹುಳುಮನೆಯ ಹೊಸ್ತಿಲು ದಾಟುವುದಿಲ್ಲ. ರಜಾ ದಿನ ಹಳೇ ನೈಟಿ ಹಾಕಿಕೊಂಡು ಬಂದು ಅವ್ವನ ಪಕ್ಕ ನಿಂತು ಸೊಪ್ಪು ಹಾಕುತ್ತಾಳೆ. ಮುಖ ನೋಡದೆ ಕೈ ಆಡಿಸುವಾಗಲೇ ಅವಳಿಗೆ ಮಾತು ಬರುವುದು.

ಪ್ರಿಯಾಂಕ ಇನ್ನೂ ಬೆಂಚಿಗೆ ವಾಪಸು ಬಂದಿಲ್ಲ. ಒಂದು ದಿನ ರಬ್ಬರು ಕೇಳಿದಳಂತೆ. ದೀಪಿಕ ಕೊಟ್ಟಳಂತೆ, ಆದರೆ ನಗಲಿಲ್ಲವಂತೆ. ಒಮ್ಮೊಮ್ಮೆ ಈಗಲೂ ಮುಖ ಊದಿಸಿಕೊಂಡು ಬಂದು, ಏನಾಯ್ತೆಂದರೆ “ಏನಿಲ್ಲ” ಅನ್ನುತ್ತಾಳೆ. ಆಗ ಹೊಂಬಾಳಮ್ಮ ಕೈಯ ಸೊಪ್ಪು ಕೆಳಗಿಟ್ಟು, ಎದುರಿಗೆ ಬಂದು ಕೂರುತ್ತಾಳೆ.

“ಬಾಯಿ ಬುಡ್ತೀಯೋ, ಇಲ್ಲಾ ಆ ಮೇಡಮ್ಮಿನಂಗೆ ಮಾತಾಡ್ಲೋ?”

ದೀಪಿಕ ತಕ್ಷಣ ಹೇಳಲು ಶುರುಮಾಡುತ್ತಾಳೆ.